ನಾಲ್ಕು ಜೋಡಿ, ನಾಲ್ಕು ಬಾಟಲಿ: ತುಮಕೂರಿನ ಮನೆಯಲ್ಲಿ ವಿಸ್ಕಿ ರುಚಿ ನೋಡುವ ಕೂಟ

ಶಿರಾಗೇಟ್:
ತುಮಕೂರಿನಲ್ಲಿ ಮನೆಯ ತಾರಸಿ ಮೇಲೆ ಒಂದು ವಿಸ್ಕಿ ಕೂಟ. ಗಂಡ-ಹೆಂಡತಿ ಜೋಡಿಯಾಗಿ ನಾಲ್ಕು ಮನೆಯವರು, ಒಟ್ಟು ಎಂಟು ಜನ. ಅವರಲ್ಲಿ ಮೂವರಿಗೆ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ) ಹೊಸದು. ಒಬ್ಬರು ಕುಡಿಯುವುದಿಲ್ಲ, ಆದರೂ ಬರುತ್ತಾರೆ. ಬಾಟಲಿಗಳು: ಪಾಲ್ ಜಾನ್ ಬ್ರಿಲಿಯನ್ಸ್, ಇಂದ್ರಿ ಟ್ರಿನಿ, ಅಮೃತ್ ಫ್ಯೂಷನ್, ಪಾಲ್ ಜಾನ್ ಬೋಲ್ಡ್. ಆಲ್ಕೋಹಾಲ್ ಪ್ರಮಾಣ ಫ್ಯೂಷನ್‌ನಲ್ಲಿ 50%, ಉಳಿದ ಮೂರರಲ್ಲೂ 46%. ಒಬ್ಬರಿಗೆ ಎಷ್ಟು ಸುರಿಯಬೇಕು, ಯಾವುದು ಮೊದಲು, ಯಾವ ನೀರು, ತಿನ್ನಲು ಏನಿಡಬೇಕು? ತಿಳಿದವರು ಬಿಡಿಸಿ ಹೇಳಿ.

ತಿಪಟೂರು ಕೊಬ್ಬರಿ:
ಮೊದಲು ಅಳತೆ. ಒಬ್ಬರಿಗೆ ಒಂದು ಬಾಟಲಿಯಿಂದ 15 ಮಿ.ಲೀ. ಸಾಕು, ಅದಕ್ಕಿಂತ ಹೆಚ್ಚು ಬೇಡ. ಬಾರಿನ 30 ಮಿ.ಲೀ. ಪೆಗ್ ಕುಡಿಯುವುದಕ್ಕೆ ಮಾಡಿದ ಅಳತೆ. ಇಲ್ಲಿ ಕೆಲಸ ಮೂಗಿನದು, ನಾಲಿಗೆಯದು ಆಮೇಲೆ. ನಾಲ್ಕು ಬಾಟಲಿಯಿಂದ 15ರಂತೆ 60 ಮಿ.ಲೀ. ಆಯಿತು. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 28 ಮಿ.ಲೀ., ತೂಕದಲ್ಲಿ 22 ಗ್ರಾಂ. ನಮ್ಮ ಅಂಗಡಿಗಳ ಮಾಮೂಲಿ 42.8% ವಿಸ್ಕಿಯಲ್ಲಿ ಇಷ್ಟೇ ಆಲ್ಕೋಹಾಲ್‌ಗೆ 66 ಮಿ.ಲೀ. ಬೇಕು. ಅಂದರೆ 15 ಅಂತ ಹಗುರವಾಗಿ ಎಣಿಸುತ್ತಾ ಹೋದರೂ ಎರಡು ಪೆಗ್ ದಾಟಿರುತ್ತದೆ. ಐದನೇ, ಆರನೇ ಬಾಟಲಿ ಸೇರಿಸುವ ಆಸೆ ಬಂದಾಗ ಈ ಲೆಕ್ಕ ತೆಗೆದು ನೋಡಿ. ನಾಲ್ಕಾದ ಮೇಲೆ ಮೂಗು ದಣಿಯುತ್ತದೆ, ಐದನೆಯದರ ಬಗ್ಗೆ ಯಾರೂ ನೆಟ್ಟಗೆ ಏನೂ ಹೇಳಲಾರರು.

ಅಳೆಯುವುದಕ್ಕೆ 30/60ರ ಸ್ಟೀಲ್ ಅಳತೆಯಲ್ಲಿ ಅರ್ಧ ಅಂದಾಜು ಮಾಡಬೇಡಿ. ಆ ಬಟ್ಟಲು ಕೆಳಗೆ ಕಿರಿದು, ಮೇಲೆ ಅಗಲ. ಎತ್ತರದಲ್ಲಿ ಅರ್ಧ ಅಂದರೆ ಅಳತೆಯಲ್ಲಿ ಅರ್ಧಕ್ಕಿಂತ ಕಡಿಮೆ, ಒಬ್ಬರಿಗೆ 10, ಇನ್ನೊಬ್ಬರಿಗೆ 20 ಆಗಿಬಿಡುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 25 ಮಿ.ಲೀ. ಗಾಜಿನ ಅಳತೆ ಕೊಳವೆ ಸಿಗುತ್ತದೆ, ಅದು ಒಂದಿದ್ದರೆ ಸಾಕು.

ರಾಗಿಹೊಲ:
ಕ್ರಮ ನೀವು ಬರೆದಿರುವಂತೆಯೇ ಇರಲಿ: ಬ್ರಿಲಿಯನ್ಸ್, ಇಂದ್ರಿ, ಫ್ಯೂಷನ್, ಬೋಲ್ಡ್. ಬ್ರಿಲಿಯನ್ಸ್‌ನಲ್ಲಿ ಹೊಗೆ ಇಲ್ಲ, ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯ ಸಿಹಿ ಮಾತ್ರ. ಇಂದ್ರಿಗೆ ಬರ್ಬನ್, ಫ್ರೆಂಚ್ ವೈನ್, ಪಿಎಕ್ಸ್ ಶೆರ್ರಿ (ಸ್ಪೇನಿನ ಸಿಹಿ ವೈನ್) ಹೀಗೆ ಮೂರು ಬಗೆಯ ಪೀಪಾಯಿ. ಒಣದ್ರಾಕ್ಷಿಯ ಕಡೆಗೆ ಹೋಗುತ್ತದೆ. ಫ್ಯೂಷನ್‌ನಲ್ಲಿ ಮುಕ್ಕಾಲು ಪಾಲು ನಮ್ಮ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿ ಉರುವಲಿಗೆ ಬಳಸುವ ಕೊಳೆತ ಸಸ್ಯದ ಮಣ್ಣು) ಹೊಗೆಯಲ್ಲಿ ಒಣಗಿಸಿದ ಬಾರ್ಲಿ. ಬೋಲ್ಡ್ ಪೂರ್ತಿ ಹೊಗೆಯದು. ಹೊಗೆಯದನ್ನು ಮೊದಲು ಕುಡಿದರೆ ಆಮೇಲೆ ಬರುವ ಬ್ರಿಲಿಯನ್ಸ್ ಸಕ್ಕರೆ ನೀರಿನ ಹಾಗೆ ಅನ್ನಿಸುತ್ತದೆ, ತಪ್ಪು ಬ್ರಿಲಿಯನ್ಸ್‌ನದಲ್ಲ.

ಹೊಸಬರಿಗೆ ಮಾಲ್ಟ್ ಅಂದರೇನು ಅಂತ ವಿವರಿಸಲು ನಮ್ಮೂರಲ್ಲಿ ಕಷ್ಟವೇ ಇಲ್ಲ. ಮಗುವಿಗೆ ರಾಗಿ ಸರಿ ಮಾಡುವಾಗ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತೇವಲ್ಲ, ಬಾರ್ಲಿಗೂ ಅದನ್ನೇ ಮಾಡುತ್ತಾರೆ. ಮೊಳಕೆ ಬಂದಾಗ ಕಾಳಿನೊಳಗಿನ ಕಿಣ್ವಗಳು ಎಚ್ಚರವಾಗುತ್ತವೆ, ಅವೇ ಮುಂದೆ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಒಣಗಿಸುವಾಗ ಕೆಳಗೆ ಪೀಟ್ ಸುಟ್ಟರೆ ಹೊಗೆ ಕಾಳಿಗೆ ಅಂಟುತ್ತದೆ. ವ್ಯತ್ಯಾಸ ಅಷ್ಟೇ. ನೀರೊಲೆ ಮುಂದೆ ಬೆಳೆದವರಿಗೆ ಪೀಟ್ ವಿಸ್ಕಿ ಮೊದಲ ಸಲಕ್ಕೇ ಹಿಡಿಸಿದರೆ ಆಶ್ಚರ್ಯವಿಲ್ಲ.

ಮಧುಗಿರಿ ಏಕಶಿಲೆ:
ತಾರಸಿ ಬೇಡ. ಗಾಳಿಗೆ ಗ್ಲಾಸಿನ ವಾಸನೆ ನಿಲ್ಲುವುದಿಲ್ಲ, ಸಂಜೆಯಾದರೆ ಸೊಳ್ಳೆ ಬತ್ತಿ ಹಚ್ಚಲೇಬೇಕು. ಆ ಬತ್ತಿಯ ಹೊಗೆಯಲ್ಲಿ ಬೋಲ್ಡ್‌ಗೂ ಬ್ರಿಲಿಯನ್ಸ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಕೂರಿ, ಕಿಟಕಿಗೆ ಜಾಲರಿ ಇರಲಿ, ಮೂಸುವಾಗ ಫ್ಯಾನ್ ನಿಲ್ಲಿಸಿ.

ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಹಾಕುವುದಿದ್ದರೆ ಎರಡು ಗಂಟೆ ಮೊದಲೇ ಮುಗಿಸಿ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಆ ಸಂಜೆಗೆ ಆ ಕೋಣೆಯಲ್ಲಿ ಬೇಡ. ಮಲ್ಲಿಗೆ ಮುಡಿದು ಬಂದರೂ ಮೇಜಿನ ಸುತ್ತ ಎಲ್ಲರ ಮೂಗಿಗೂ ಮಲ್ಲಿಗೆಯೇ.

ಬಂಗಾರಪೇಟೆ ಲೈನ್:
ಹೆಂಗಸರು ಹೂ ಮುಡಿಯಬಾರದು ಅನ್ನುವ ಮಾತು ಮಾತ್ರ ಎಲ್ಲರೂ ಹೇಳುತ್ತಾರೆ. ಗಂಡಸರ ಬಾಡಿ ಸ್ಪ್ರೇ, ಶೇವಿಂಗ್ ಲೋಷನ್, ತಲೆಗೆ ಹಚ್ಚಿದ ಎಣ್ಣೆ ಇವು ಮಲ್ಲಿಗೆಗಿಂತ ಜೋರು, ಮತ್ತು ಗ್ಲಾಸಿಗೆ ಹತ್ತಿರ. ಆಹ್ವಾನ ಕಳಿಸುವಾಗ ಎಂಟೂ ಜನಕ್ಕೆ ಒಂದೇ ಮಾತು ಬರೆಯಿರಿ: ವಾಸನೆಯಿರುವುದು ಏನೂ ಬೇಡ, ಕೈಗೆ ಸ್ಯಾನಿಟೈಸರ್ ಸಹ ಬೇಡ. ಸೋಪಿನ ವಾಸನೆಯೂ ಬೆರಳಲ್ಲಿ ಅರ್ಧ ಗಂಟೆ ಇರುತ್ತದೆ, ಆ ಬೆರಳು ಗ್ಲಾಸಿನ ಬಾಯಿಯ ಪಕ್ಕದಲ್ಲೇ ಇರುತ್ತದೆ.

ಜೋಡಿ ಅಂತ ಕೇಳಿದ್ದೀರಿ, ಅದರ ಬಗ್ಗೆ ಯಾರೂ ಇನ್ನೂ ಹೇಳಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಂಟು ಜನಕ್ಕೂ ಬೇರೆ ಬೇರೆ ಗ್ಲಾಸ್. ದಂಪತಿಗೆ ಒಂದು ಗ್ಲಾಸ್ ಅನ್ನುವುದು ಉಳಿತಾಯದಂತೆ ಕಾಣುತ್ತದೆ. ಆದರೆ ಮೊದಲು ಮೂಸಿದವರು "ಇದರಲ್ಲಿ ಏಲಕ್ಕಿ ಇದೆ" ಅಂದ ಕ್ಷಣದಿಂದ ಎರಡನೆಯವರಿಗೂ ಏಲಕ್ಕಿಯೇ ಸಿಗುತ್ತದೆ. ವಾಸನೆಯ ವಿಷಯದಲ್ಲಿ ಸೂಚನೆ ಬಹಳ ಬೇಗ ಅಂಟಿಕೊಳ್ಳುತ್ತದೆ. ಗಂಡ-ಹೆಂಡತಿ ಪಕ್ಕಪಕ್ಕ ಕೂರದೆ ಮೇಜಿನ ಎದುರುಬದುರು ತುದಿಯಲ್ಲಿ ಕೂರಲಿ. ಪ್ರತಿ ಗ್ಲಾಸಿಗೆ ಮೊದಲ ಐದು ನಿಮಿಷ ಯಾರೂ ಮಾತಾಡದೆ ಚೀಟಿಯಲ್ಲಿ ಬರೆದುಕೊಳ್ಳಲಿ. ನಾಲ್ಕೂ ಮುಗಿದ ಮೇಲೆ ಜೋಡಿಗಳು ಚೀಟಿ ಬದಲಾಯಿಸಿಕೊಂಡು ಓದಲಿ. ಎರಡು ಚೀಟಿ ಒಂದೇ ತರ ಇರಬೇಕಾಗಿಲ್ಲ. ಒಂದೇ ಮನೆಯ ಅಡುಗೆ ಉಂಡರೂ ಇಬ್ಬರ ಮೂಗು ಬೇರೆಯೇ. ಕೆಲವು ವಾಸನೆಗಳು ಒಬ್ಬರಿಗೆ ಜೋರಾಗಿ ಹೊಡೆದರೆ ಇನ್ನೊಬ್ಬರಿಗೆ ತಾಗುವುದೇ ಇಲ್ಲ.

"ಅವರಿಗೆ ಲೈಟ್ ಆಗಿರೋದು ಕೊಡಿ" ಅಂತ ಕೇಳದೆಯೇ ಹೆಂಗಸರ ಗ್ಲಾಸಿಗೆ ಕೋಕ್ ಬೆರೆಸುವುದು, ಬೋಲ್ಡ್ ಬಿಟ್ಟು ಮುಂದೆ ಹೋಗುವುದು, ಇವೆಲ್ಲ ಬೇಡ. ಏನು ಬೇಕು, ಎಷ್ಟು ಬೇಕು, ಬೇಡವೇ ಬೇಡ ಅನ್ನುವುದನ್ನು ಅವರವರೇ ಹೇಳಲಿ. ಹಾಗೆಯೇ "ಇನ್ನೊಂಚೂರು ಹಾಕ್ಕೊಳ್ಳಿ" ಅಂತ ಬಲವಂತ ಮಾಡುವ ನಮ್ಮ ಊಟದ ಪಂಕ್ತಿಯ ಅಭ್ಯಾಸವನ್ನು ಇಲ್ಲಿಗೆ ತರಬಾರದು. ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹಾಕಿಕೊಳ್ಳುವವರು, ಬಸುರಿಯರು ಬೇಡ ಅಂದರೆ ಕಾರಣ ಹೇಳುವ ಪರಿಸ್ಥಿತಿ ಅವರಿಗೆ ಬರಬಾರದು.

ಕುಡಿಯದವರಿಗೂ ಗ್ಲಾಸ್ ಇಡಿ, ಅವರೂ ಮೂಸಲಿ, ಚೀಟಿ ಬರೆಯಲಿ. ಕುಡಿಯದ ಮೂಗು ಕೊನೆಯವರೆಗೂ ತಾಜಾ ಇರುತ್ತದೆ. ನಾಲ್ಕನೇ ಗ್ಲಾಸಿನ ಹೊತ್ತಿಗೆ ಅವರ ಚೀಟಿಯೇ ಹೆಚ್ಚು ನಂಬಿಕೆಗೆ ಅರ್ಹ.

ಶಿರಾಗೇಟ್:
ಎದುರುಬದುರು ಕೂರಿಸುವುದು ಹೊಳೆದಿರಲಿಲ್ಲ, ಹಾಗೇ ಮಾಡೋಣ. ನೀರಿನ ವಿಷಯ ಯಾರಾದರೂ ಹೇಳಿ. ಮನೆಯಲ್ಲಿರುವುದು ಬೋರ್‌ವೆಲ್ ನೀರು.

ಗೌರಿಬಿದನೂರು ತೋಪು:
ಬೋರ್ ನೀರು ಹಾಕಲೇಬೇಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಲ್ಲಿ ಆಳದ ಕೊಳವೆಬಾವಿಯ ನೀರು ಗಡಸು. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತಿರುವುದೇ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ. ಇರಬಹುದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಒಪ್ಪುತ್ತಾರೆ. ಆ ಮಟ್ಟದ ನೀರಿಗೆ ತನ್ನದೇ ಉಪ್ಪು-ಒಗರು ಇರುತ್ತದೆ. 15 ಮಿ.ಲೀ. ವಿಸ್ಕಿಗೆ ಅದು ಎದ್ದು ಕಾಣುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರು ಒಳ್ಳೆಯದು. ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವುದು) ಇದ್ದರೆ 100ರ ಒಳಗೆ ತೋರಿಸಬೇಕು. ಹಿಂದಿನ ದಿನವೇ ಗಾಜಿನ ಬಾಟಲಿಯಲ್ಲಿ ತುಂಬಿಡಿ. ಬಿಸಿಲಲ್ಲಿ ಇದ್ದ ಪ್ಲಾಸ್ಟಿಕ್ ಕ್ಯಾನಿನ ನೀರಿಗೆ ಕ್ಯಾನಿನದೇ ವಾಸನೆ.

ಗ್ಲಾಸ್ ತೊಳೆದ ಮೇಲೆ ಕೊನೆಯ ಜಾಲನೆಯೂ ಆರ್‌ಓ ನೀರಿನಲ್ಲೇ ಆಗಲಿ. ಬೋರ್ ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಕೂತಿದ್ದರೆ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಎರಡು ಸಲ ಚೆನ್ನಾಗಿ ತೊಳೆಯಿರಿ. ಒರೆಸಲು ಒದ್ದೆ ಬಟ್ಟೆ ಬೇಡ, ಬೋರಲು ಹಾಕಿ ನ್ಯೂಸ್‌ಪೇಪರ್ ಮೇಲೆ ಇಡುವುದೂ ಬೇಡ. ಗ್ಲಾಸಿನೊಳಗೆ ಶಾಯಿಯ, ಮುಗ್ಗಲಿನ ವಾಸನೆ ಸಿಕ್ಕಿಹಾಕಿಕೊಂಡು ಕೂರುತ್ತದೆ. ಸುರಿಯುವ ಮೊದಲು ಖಾಲಿ ಗ್ಲಾಸನ್ನೇ ಒಂದು ಸಲ ಮೂಸಿ ನೋಡಿ. "ಈ ವಿಸ್ಕಿ ಕೆಟ್ಟಿದೆ" ಅನ್ನುವ ದೂರುಗಳಲ್ಲಿ ಎಷ್ಟೋ ಗ್ಲಾಸಿನವು.

ತಿಪಟೂರು ಕೊಬ್ಬರಿ:
ಮೇಲಿನದಕ್ಕೆ ಸೇರಿಸುತ್ತೇನೆ. ಗ್ಲಾಸಿನ ಆಕಾರ: ಹೊಟ್ಟೆ ಅಗಲ, ಬಾಯಿ ಕಿರಿದು. ಗ್ಲೆನ್‌ಕೇರ್ನ್ ಗ್ಲಾಸ್ ಬಂದದ್ದು 2001ರಲ್ಲಿ, ಆಮೇಲೆ ಕೂಟಗಳಲ್ಲಿ ಅದೇ ರೂಢಿಯಾಯಿತು. ಎಂಟು ಕೊಳ್ಳುವುದು ದುಬಾರಿಯಾದರೆ ಸಣ್ಣ ವೈನ್ ಗ್ಲಾಸ್ ಆಗುತ್ತದೆ. ಅಗಲ ಬಾಯಿಯ ನೇರ ಗ್ಲಾಸಿನಲ್ಲಿ ವಾಸನೆ ಚದುರಿಹೋಗುತ್ತದೆ. ಪ್ರತಿ ಸುತ್ತಿನ ನಡುವೆ ಆರ್‌ಓ ನೀರಲ್ಲಿ ಜಾಲಿಸಿಕೊಂಡರೆ ಒಬ್ಬರಿಗೆ ಒಂದೇ ಗ್ಲಾಸಿನಲ್ಲಿ ನಾಲ್ಕೂ ಮುಗಿಯುತ್ತವೆ. ಆದರೆ ಹಿಂದಿನದಕ್ಕೆ ವಾಪಸ್ ಹೋಗಿ ಹೋಲಿಸಲು ಆಗುವುದಿಲ್ಲ, ಅದು ದೊಡ್ಡ ನಷ್ಟ.

ಈಗ ಮೂಸುವ ರೀತಿ. ಸುರಿದ ಮೇಲೆ ಗ್ಲಾಸಿನ ಮೇಲೆ ಸಣ್ಣ ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ತೆಗೆದ ತಕ್ಷಣ ಮೂಗು ಒಳಗೆ ತೂರಿಸಬೇಡಿ, ಘಾಟು ನೆತ್ತಿಗೇರುತ್ತದೆ, ಅಲ್ಲಿಂದ ಹತ್ತು ನಿಮಿಷ ಮೂಗು ಕೆಲಸಕ್ಕೆ ಬಾರದು. ಗ್ಲಾಸನ್ನು ಗಲ್ಲದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಎಳೆದುಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪ ಮೇಲೆ ತನ್ನಿ. ಒಂದು ಹೊಳ್ಳೆ, ಇನ್ನೊಂದು ಹೊಳ್ಳೆ, ಬೇರೆ ಬೇರೆ. ಮೂಗು ಸೋತಾಗ ಕಾಫಿ ಬೀಜ ಮೂಸಬೇಕು ಅನ್ನುವ ಮಾತಿದೆ, ಅದರಿಂದ ಪ್ರಯೋಜನವಿಲ್ಲ, ಇನ್ನೊಂದು ಜೋರು ವಾಸನೆ ಸೇರಿಸಿದಂತಾಗುತ್ತದೆ. ನಿಮ್ಮದೇ ಮೊಣಕೈಯ ಒಳಭಾಗ ಮೂಸಿ. ಅದು ಮೂಗಿಗೆ ದಿನವೂ ಗೊತ್ತಿರುವ ವಾಸನೆ.

ಬಾಯಿಗೆ ಹಾಕಿಕೊಂಡದ್ದು ಅರ್ಧ ಚಮಚ ಇರಲಿ. ಮೊದಲ ಗುಟುಕು ನಾಲಿಗೆಗೆ ಉರಿ ಮಾತ್ರ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎರಡನೆಯದರಿಂದ ಬರೆಯಿರಿ.

ಚಿಂತಾಮಣಿ ರಸ್ತೆ:
ಇಷ್ಟೆಲ್ಲ ಯಾಕೆ? 50%ನ ಫ್ಯೂಷನ್‌ಗೆ ಎರಡು ಐಸ್ ಕ್ಯೂಬ್ ಹಾಕಿದರೆ ಉರಿಯೂ ಇಲ್ಲ, ಘಾಟೂ ಇಲ್ಲ.

ರಾಗಿಹೊಲ:
ಉರಿಯ ಜೊತೆಗೆ ಉಳಿದದ್ದೂ ಹೋಗುತ್ತದೆ. ತಣ್ಣಗಾದಷ್ಟೂ ವಾಸನೆಯ ಅಂಶ ಆವಿಯಾಗಿ ಮೇಲೆ ಬರುವುದಿಲ್ಲ. ರುಚಿ ಅಂತ ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದೇ. ಐಸ್ ಬೇಕಾದವರು ನಾಲ್ಕೂ ಮುಗಿದ ಮೇಲೆ ತಮಗೆ ಹಿಡಿಸಿದ್ದಕ್ಕೆ ಹಾಕಿಕೊಳ್ಳಲಿ. ಬೇಸಿಗೆಯಲ್ಲಿ ಕೋಣೆ 33-34 ಡಿಗ್ರಿ ಇದ್ದರೆ ಆಲ್ಕೋಹಾಲ್ ಮೊದಲೇ ಎದ್ದು ಮೂಗು ಚುಚ್ಚುತ್ತದೆ, ಅದು ನಿಜವಾದ ತೊಂದರೆ. ಬಾಟಲಿಯನ್ನು ಒಂದು ಗಂಟೆ ಮಡಕೆಯ ತಣ್ಣೀರಿನಲ್ಲಿ ಇಡಿ. 20 ಡಿಗ್ರಿಯ ಆಸುಪಾಸು ಬಂದರೆ ಚೆನ್ನ. ಫ್ರಿಜ್ ಬೇಡ.

ನೀರು ಹಾಕುವುದು ಬೇರೆಯೇ ಕೆಲಸ. ಮೊದಲು ಹಾಗೇ ಮೂಸಿ, ಒಂದು ಗುಟುಕು ನೋಡಿ, ಆಮೇಲೆ ಡ್ರಾಪರಿನಿಂದ ಹನಿ. ಇಪ್ಪತ್ತು ಹನಿ ಸುಮಾರು 1 ಮಿ.ಲೀ. ಫ್ಯೂಷನ್ 15 ಮಿ.ಲೀ. 50%ನಿಂದ 46%ಗೆ ಇಳಿಯಲು 1.3 ಮಿ.ಲೀ., ಅಂದರೆ 26 ಹನಿ. ಮುಂದೆ ಯಾವಾಗಲಾದರೂ 60%ನ ಕಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ತೆಗೆದು ನೀರು ಬೆರೆಸದ ವಿಸ್ಕಿ) ತಂದರೆ 46%ಗೆ 4.6 ಮಿ.ಲೀ. ನೀರು ಬೇಕು. ಅಷ್ಟಕ್ಕೆ ಹನಿ ಎಣಿಸದೆ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಹಿಡಿಯಿರಿ. ಲೆಕ್ಕ ಸುಲಭ: ಇರುವ ಅಳತೆಯನ್ನು ಇರುವ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ, ಇರುವ ಅಳತೆಯನ್ನು ಕಳೆಯಿರಿ.

ಆ ಹನಿ ಬೀಳುವುದನ್ನು ಬೆಳಕಿಗೆ ಹಿಡಿದು ನೋಡಿ. ನೀರು ತಕ್ಷಣ ಬೆರೆಯುವುದಿಲ್ಲ. ಎಣ್ಣೆಯ ಎಳೆ ಸುರುಳಿ ಬಿಚ್ಚಿದ ಹಾಗೆ ಮೆಲ್ಲಗೆ ಇಳಿದು, ಒಂದೆರಡು ಸೆಕೆಂಡು ನಡುಗಿ, ಮಾಯವಾಗುತ್ತದೆ. ಆಮೇಲೆ ಕೆಲವು ವಿಸ್ಕಿ ಸ್ವಲ್ಪ ಮಂಜಾಗುತ್ತವೆ. ಕಲಬೆರಕೆ ಅಂತ ಹೆದರಬೇಡಿ. ಬಾಟಲಿಗೆ ತುಂಬುವ ಮೊದಲು ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಉಳಿದಿರುವ ಕೊಬ್ಬಿನಾಮ್ಲದ ಎಸ್ಟರ್‌ಗಳು ಆಲ್ಕೋಹಾಲ್ ಪ್ರಮಾಣ ಇಳಿದಾಗ ಕರಗಿ ನಿಲ್ಲಲಾರದೆ ಹಾಗೆ ಕಾಣುತ್ತವೆ. 46% ಅಂಕಿ ಇಷ್ಟು ಬಾಟಲಿಗಳ ಮೇಲೆ ಕಾಣುವುದಕ್ಕೂ ಇದೇ ಒಂದು ಕಾರಣ, ಆ ಪ್ರಮಾಣದಲ್ಲಿ ಸೋಸದೆಯೂ ಬಾಟಲಿ ತಿಳಿಯಾಗಿರುತ್ತದೆ.

ನೀರಿನಿಂದ ವಾಸನೆ ಬಿಚ್ಚಿಕೊಳ್ಳುವುದಕ್ಕೂ ವಿವರಣೆ ಇದೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದ್ದು: ಹೊಗೆ ವಾಸನೆಯ ಗ್ವಾಯಕಾಲ್ ಅನ್ನುವ ಅಣು ಆಲ್ಕೋಹಾಲ್ 45%ವರೆಗೆ ಇದ್ದಾಗ ದ್ರವದ ಮೇಲ್ಮೈಯಲ್ಲಿ ಸೇರಿಕೊಂಡಿರುತ್ತದೆ, ಪ್ರಮಾಣ 59% ದಾಟಿದರೆ ಒಳಗೆ ಚದುರಿಹೋಗುತ್ತದೆ. ಮೇಲ್ಮೈಯಲ್ಲಿ ಇರುವುದೇ ಮೂಗಿಗೆ ಸಿಗುವುದು. ಬೋಲ್ಡ್‌ಗೆ ಐದಾರು ಹನಿ ಹಾಕಿ, ಹಾಕುವ ಮೊದಲಿನದಕ್ಕೆ ಹೋಲಿಸಿ ನೋಡಿ.

ಕೆಜಿಎಫ್ ಸೈನೈಡ್ ದಿಬ್ಬ:
ಹೊಸಬರು ಕೇಳುವ ಪ್ರಶ್ನೆ ಒಂದಿದೆ, ಉತ್ತರ ಸಿದ್ಧವಿರಲಿ. "ಸ್ಕಾಚ್ ಮೇಲೆ 12 ವರ್ಷ ಅಂತಿದೆ, ನಮ್ಮದರ ಮೇಲೆ ಯಾಕಿಲ್ಲ?" ಪೀಪಾಯಿಯಲ್ಲಿ ಆವಿಯಾಗಿ ಹೋಗುವ ಪಾಲು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಿನ ಹವೆಯಲ್ಲಿ 10ರಿಂದ 12%. 200 ಲೀಟರಿನ ಪೀಪಾಯಿಯಲ್ಲಿ ವರ್ಷಕ್ಕೆ 11% ಹೋದರೆ ಐದು ವರ್ಷಕ್ಕೆ ಉಳಿಯುವುದು 112 ಲೀಟರ್. ಅಲ್ಲಿ 12 ವರ್ಷ ಇಟ್ಟರೂ 157 ಉಳಿಯುತ್ತದೆ. ಬಿಸಿಗೆ ಮರದ ಸತ್ವವೂ ಇಲ್ಲಿ ಬೇಗ ಇಳಿಯುತ್ತದೆ. ಹಾಗಾಗಿ ವರ್ಷ ನೋಡಿ ತೂಗಬಾರದು. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಬೆಂಗಳೂರಿನಲ್ಲಿ ಅಲ್ಲ, ಗ್ಲಾಸ್ಗೋದಲ್ಲಿ. ವಯಸ್ಸಿನ ಅಂಕಿ ಇಲ್ಲದೆಯೇ ಅಲ್ಲಿ ನಿಂತಿತು.

ಬಣ್ಣ ನೋಡಿಯೂ ತೂಗಬೇಡಿ. ಕ್ಯಾರಮೆಲ್ ಬಣ್ಣ ಸೇರಿಸಲು ಸ್ಕಾಚ್‌ನಲ್ಲೂ ಅನುಮತಿ ಇದೆ.

ಬಂಗಾರಪೇಟೆ ಲೈನ್:
ತಿನ್ನಲು ಇಡುವುದು. ಮೆಣಸಿನಕಾಯಿ ಬಜ್ಜಿ, ಖಾರಾ ಬೂಂದಿ, ಕಾಂಗ್ರೆಸ್ ಕಡಲೆಬೀಜ ಎಲ್ಲ ಕೊನೆಗೆ. ಮೆಣಸಿನಕಾಯಿಯ ಉರಿ ಹಿಡಿಯುವ ಗ್ರಾಹಿಯನ್ನೇ ಆಲ್ಕೋಹಾಲೂ ಕೆರಳಿಸುತ್ತದೆ. ಖಾರ ತಿಂದ ಬಾಯಿಗೆ 46% ಕೂಡ ಬೆಂಕಿ. ಎಲೆ-ಅಡಿಕೆ ಹಾಕಿಕೊಂಡು ಬಂದವರಿಗೆ ಒಗರಿನಿಂದ ನಾಲಿಗೆ ಮರಗಟ್ಟಿರುತ್ತದೆ. ಸುತ್ತಿನ ನಡುವೆ ಉಪ್ಪಿಲ್ಲದ ಬ್ರೆಡ್ ಅಥವಾ ಸಪ್ಪೆ ಬಿಸ್ಕತ್ತು, ನೀರು. ಬಂದ ಕೂಡಲೇ ಶುರು ಮಾಡದೆ, ಅದಕ್ಕೂ ಒಂದೂವರೆ ಗಂಟೆ ಮೊದಲು ಮುದ್ದೆ-ಸೊಪ್ಪಿನ ಸಾರು ಅಥವಾ ತಟ್ಟೆ ಇಡ್ಲಿ ಊಟವಾಗಿರಲಿ. ಖಾಲಿ ಹೊಟ್ಟೆಗೆ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತದೆ.

ಇನ್ನೊಂದು. ಮೇಜಿನ ಮೇಲೆ ಮುಚ್ಚಳ ಹಾಕಿದ ಐದು ಪುಟ್ಟ ಬಟ್ಟಲು ಇಡಿ: ತಿಪಟೂರಿನ ಒಣಕೊಬ್ಬರಿ, ಲವಂಗ, ಬೆಲ್ಲ, ಒಣದ್ರಾಕ್ಷಿ, ಹಣ್ಣಾದ ಬಾಳೆ. ಇವು ಬರೀ ಹೋಲಿಕೆಯ ಮಾತಲ್ಲ. ಲವಂಗದ ಘಮದ ಯೂಜಿನಾಲ್ ಓಕ್ ಮರದಲ್ಲೂ ಇದೆ, ಅದೇ ಅಣು. ಬಾಳೆಹಣ್ಣಿನ ಎಸ್ಟರ್ ಹುದುಗುವಾಗ ಯೀಸ್ಟ್ ಮಾಡುತ್ತದೆ. ಅಮೆರಿಕನ್ ಓಕ್‌ನ ಲ್ಯಾಕ್ಟೋನ್ ಕೊಬ್ಬರಿಯ ವಾಸನೆ ಕೊಡುತ್ತದೆ, ಬ್ರಿಲಿಯನ್ಸ್‌ನಲ್ಲಿ ಹುಡುಕಿ. ಕೊಬ್ಬರಿ ಹೊಸದಿರಲಿ, ಕಮಟಿದ್ದರೆ ದಾರಿ ತಪ್ಪಿಸುತ್ತದೆ. ಬಟ್ಟಲು ತೆರೆಯುವುದು ಮೊದಲ ಚೀಟಿ ಬರೆದಾದ ಮೇಲೆ. ಮೊದಲೇ ತೆರೆದಿಟ್ಟರೆ ಎಲ್ಲರ ಚೀಟಿಯಲ್ಲೂ ಕೊಬ್ಬರಿ.

ಚಿಂತಾಮಣಿ ರಸ್ತೆ:
ಸರಿ, ಐಸ್ ಕೊನೆಗೇ ಇರಲಿ. ಬೆಲೆ ನೋಡಿ ಹೊಗಳುವವರು ಪ್ರತಿ ಗುಂಪಲ್ಲೂ ಇರುತ್ತಾರಲ್ಲ, ಅದಕ್ಕೇನು ಉಪಾಯ?

ಮಧುಗಿರಿ ಏಕಶಿಲೆ:
ಕುಡಿಯದವರ ಕೈಲಿ ಒಳಗಿನ ಕೋಣೆಯಲ್ಲಿ ಸುರಿಸಿ, ಗ್ಲಾಸಿನ ಬುಡಕ್ಕೆ ಅಂಕಿ ಅಂಟಿಸಿ ತರಿಸಿ. ಬಾಟಲಿ ಕಾಣಲೇಬಾರದು, ಕಾಗದ ಸುತ್ತಿದರೆ ಸಾಲದು, ಬಾಟಲಿಯ ಆಕಾರದಿಂದಲೇ ಗೊತ್ತಾಗುತ್ತದೆ. ಇನ್ನೂ ಕಟ್ಟುನಿಟ್ಟಾಗಿ ಬೇಕಾದರೆ ಮೂರು ಗ್ಲಾಸ್ ಪರೀಕ್ಷೆ: ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಹೇಳಬೇಕು. ಕುರುಡಾಗಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲದ್ದನ್ನು ನಂಬಬೇಡಿ. ಮೂರು ಸಲ ಸತತ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು, ಅದು ಗಟ್ಟಿ. ಈ ಪರೀಕ್ಷೆಗೆ ಗ್ಲಾಸಿಗೆ 5 ಮಿ.ಲೀ. ಸಾಕು, ಮೂಸಿದರೆ ಸಾಕು, ಕುಡಿಯಬೇಕಿಲ್ಲ.

ಗೌರಿಬಿದನೂರು ತೋಪು:
ಕಾನೂನಿನ ಮಾತು ಬಿಟ್ಟುಹೋಗಿದೆ. ಮನೆಯಲ್ಲಿ ಸ್ನೇಹಿತರು ಸೇರಿ ತಮ್ಮ ಬಾಟಲಿ ಹಂಚಿಕೊಳ್ಳುವುದು ಒಂದು. ಪೋಸ್ಟರ್ ಹಾಕಿ, ತಲೆಗೆ ಇಷ್ಟು ಅಂತ ಪ್ರವೇಶ ಹಣ ತೆಗೆದುಕೊಂಡು ಸುರಿಯುವುದು ಇನ್ನೊಂದು. ಅದು ಸನ್ನದು ಇಲ್ಲದ ಮಾರಾಟವಾಗುತ್ತದೆ. ಛತ್ರದಲ್ಲೋ ತೋಟದ ಮನೆಯಲ್ಲೋ ದೊಡ್ಡದಾಗಿ ಮಾಡುವುದಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಸಾಂದರ್ಭಿಕ ಸನ್ನದು ಮಾಡಿಸಿಕೊಳ್ಳಿ. 21 ತುಂಬದವರನ್ನು ಕರೆಯಬೇಡಿ. ಮಿಲಿಟರಿ ಕ್ಯಾಂಟೀನ್ ಬಾಟಲಿ, ಗೋವಾದಿಂದ ತಂದ ಬಾಟಲಿ ಮೇಜಿಗೆ ಬರುವುದು ಬೇಡ. ಅಕ್ಟೋಬರ್ 2 ಮದ್ಯ ಮಾರಾಟವಿಲ್ಲದ ದಿನ, ಮತದಾನ ಮುಗಿಯುವ ಮೊದಲಿನ 48 ಗಂಟೆಯೂ ಹಾಗೇ. ದಿನ ಗೊತ್ತು ಮಾಡುವ ಮೊದಲು ನೋಡಿಕೊಳ್ಳಿ.

ಗಾಡಿ ಓಡಿಸುವುದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೇಲೆ ಬಂದ 22 ಗ್ರಾಂ ಲೆಕ್ಕವನ್ನು, ರಕ್ತದಲ್ಲಿನ ಆಲ್ಕೋಹಾಲ್ ಅಂದಾಜು ಮಾಡುವ ವಿಡ್‌ಮಾರ್ಕ್ ಸೂತ್ರಕ್ಕೆ ಹಾಕಿದರೆ 70 ಕಿಲೋ ತೂಕದ ಗಂಡಸಿಗೆ ಗರಿಷ್ಠ ಸುಮಾರು 47, 55 ಕಿಲೋ ತೂಕದ ಹೆಂಗಸಿಗೆ 73. ತೂಕ ಕಡಿಮೆ, ಮೈಯಲ್ಲಿ ನೀರಿನಂಶವೂ ಕಡಿಮೆ, ಅದಕ್ಕೇ ಒಂದೇ ಅಳತೆಗೆ ಇಷ್ಟು ವ್ಯತ್ಯಾಸ. ಇಬ್ಬರೂ ಮಿತಿ ದಾಟಿದ್ದಾರೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ಮುಖ್ಯ, ರಾತ್ರಿ ಹೈವೇಯಲ್ಲಿ ಲಾರಿಗಳ ನಡುವೆ ಆ ಸ್ಥಿತಿಯಲ್ಲಿ ಹೋಗಬಾರದು. ಬೆಂಗಳೂರಿನ ಕೂಟಕ್ಕೆ ಹೋಗುವ ಜೋಡಿಗಳೂ ಅಷ್ಟೇ, ಒಂದೋ ಅಲ್ಲೇ ಉಳಿಯಿರಿ, ಇಲ್ಲವೇ ಕುಡಿಯದ ಡ್ರೈವರ್ ಇರಲಿ.

ಬಂಗಾರಪೇಟೆ ಲೈನ್:
ಆ ಡ್ರೈವರ್ ಪ್ರತಿ ಸಲವೂ ಹೆಂಡತಿಯೇ ಆಗಬಾರದು ಅಂತ ಸೇರಿಸಿ. ಸರದಿ ಇರಲಿ. ಆ ದಿನ ಓಡಿಸುವವರ ಪಾಲಿನ 15 ಮಿ.ಲೀ. ಗಳನ್ನು ಸಣ್ಣ ಗಾಜಿನ ಸೀಸೆಗಳಿಗೆ ತುಂಬಿ, ಹೆಸರು-ಶೇಕಡಾ ಬರೆದ ಚೀಟಿ ಅಂಟಿಸಿ ಮನೆಗೆ ಕಳಿಸಿ. ಉಗುಳುವ ಬಟ್ಟಲೂ ಎಲ್ಲರ ಮುಂದೆ ಇರಲಿ, ಒಬ್ಬರ ಮುಂದೆ ಮಾತ್ರ ಇಟ್ಟರೆ ಅವರಿಗೆ ಸಂಕೋಚ. ಉಗುಳಿದರೂ ಬಾಯಿಂದ ಸ್ವಲ್ಪ ಒಳಗೆ ಹೋಗುತ್ತದೆ, ಅದನ್ನು ನಂಬಿ ಗಾಡಿ ಹತ್ತಬೇಡಿ.

ಶಿರಾಗೇಟ್:
ಕೊನೆಯ ಪ್ರಶ್ನೆ. ಎಂಟು ಜನಕ್ಕೆ 15ರಂತೆ ಒಂದು ಬಾಟಲಿಯಿಂದ 120 ಮಿ.ಲೀ. ಹೋಗುತ್ತದೆ, 630 ಉಳಿಯುತ್ತದೆ. ನಾಲ್ಕು ಮನೆ ಸೇರಿ ಕೊಂಡದ್ದು. ಉಳಿದದ್ದನ್ನು ಹೇಗೆ ಹಂಚಿಕೊಳ್ಳುವುದು, ಹೇಗೆ ಇಡುವುದು?

ತಿಪಟೂರು ಕೊಬ್ಬರಿ:
ಮನೆಗೊಂದು ಬಾಟಲಿ ಒಯ್ದರೆ ಲೆಕ್ಕ ಸುಲಭ, ಮುಂದಿನ ಕೂಟಕ್ಕೆ ವಾಪಸ್ ತರಲಿ. 630 ಉಳಿದ ಬಾಟಲಿ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿ ಹೆಚ್ಚಾಗಿ ಘಮ ಮಂಕಾಗುತ್ತದೆ. ಆಗ 100 ಮಿ.ಲೀ. ಗಾಜಿನ ಸೀಸೆಗಳಿಗೆ ಕುತ್ತಿಗೆವರೆಗೆ ತುಂಬಿಡಿ. ಔಷಧಿಯ ಹಳೇ ಸೀಸೆ ಬೇಡ, ಎಷ್ಟು ತೊಳೆದರೂ ಮುಚ್ಚಳದ ಒಳಗಿನ ರಬ್ಬರಿನಲ್ಲಿ ಸಿರಪ್ಪಿನ ವಾಸನೆ ಉಳಿದಿರುತ್ತದೆ.

ಬಾಟಲಿ ನೆಟ್ಟಗೆ ನಿಲ್ಲಿಸಿಯೇ ಇಡಬೇಕು. ವೈನಿನ ಹಾಗೆ ಮಲಗಿಸಿದರೆ 46% ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಶೀಟಿನ ಮನೆಯ ಅಟ್ಟ, ಬಿಸಿಲು ಬೀಳುವ ಶೋಕೇಸ್ ಎರಡೂ ಬೇಡ, ಕೆಳಗಿನ ಬೀರುವಿನ ಕತ್ತಲೆ ಮೂಲೆ ಸಾಕು. ಬೇಸಿಗೆ ಕಳೆದು ತೆರೆಯುವಾಗ ಬಿರಡೆ ಒಣಗಿ ಮುರಿಯುವುದುಂಟು. ತೆರೆಯುವ ಮೊದಲು ಬಾಟಲಿಯನ್ನು ಒಂದು ಕ್ಷಣ ಓರೆ ಮಾಡಿ ಬಿರಡೆ ತೋಯಿಸಿ, ಬಿರಡೆಯನ್ನು ಹಿಡಿದು ಬಾಟಲಿಯನ್ನು ತಿರುಗಿಸಿ. ಆದರೂ ಮುರಿದು ಚೂರು ಒಳಗೆ ಬಿದ್ದರೆ, ಕಾಫಿ ಫಿಲ್ಟರ್ ಕಾಗದವನ್ನು ಆರ್‌ಓ ನೀರಿನಲ್ಲಿ ಒಮ್ಮೆ ಜಾಲಿಸಿ ಹಿಂಡಿ, ಅದರಲ್ಲಿ ಸೋಸಿ ಬೇರೆ ಬಾಟಲಿಗೆ ಹಾಕಿ. ಮನೆಯ ಸ್ಟೀಲ್ ಕಾಫಿ ಫಿಲ್ಟರಿನಲ್ಲಿ ಸೋಸಬೇಡಿ, ಡಿಕಾಕ್ಷನ್ ವಾಸನೆ ಹಿಡಿದರೆ ಬಿಡುವುದಿಲ್ಲ.